ರಜೆಯ ಮೊದಲ ದಿನವೇ ಮಳೆ ಹಿಡಿದರೆ ಹೊಸ ಊರು ನೋಡುವುದು ಹೇಗೆ?

ತಿಂಗಳುಗಟ್ಟಲೆ ಕಾದು ರಜೆ ಸಿಕ್ಕಿದೆ. ರಾತ್ರಿ ತಡವಾಗಿ ಊರು ತಲುಪಿ ಮಲಗಿದ್ದೀರಿ. ಬೆಳಗ್ಗೆ ಎದ್ದು ಪರದೆ ಸರಿಸಿದರೆ ಗಾಜಿನ ಮೇಲೆ ನೀರು ಇಳಿಯುತ್ತಿದೆ, ಎದುರಿನ ಕಟ್ಟಡ ಅರ್ಧವೇ ಕಾಣುತ್ತಿದೆ. ಜೊತೆಗೆ ಬಂದವರೆಲ್ಲ ನಿಮ್ಮ ಮುಖ ನೋಡುತ್ತಿದ್ದಾರೆ, ಮಳೆ ಬರಿಸಿದ್ದು ನೀವೇ ಏನೋ ಎಂಬಂತೆ.

ಇಂಥ ಬೆಳಗ್ಗೆ ಕೆಲವರು ರೂಮಿನಲ್ಲೇ ಕೂತು ದಿನವಿಡೀ ಫೋನ್ ನೋಡುತ್ತಾರೆ. ಇನ್ನು ಕೆಲವರು ಹಟಕ್ಕೆ ಬಿದ್ದು, ಬರೆದಿಟ್ಟುಕೊಂಡ ಪಟ್ಟಿಯಂತೆಯೇ ಹೊರಡುತ್ತಾರೆ. ನಾನು ಈ ಎರಡನೇ ಜಾತಿ. ಒಮ್ಮೆ ಹೀಗೇ ಮಳೆಯಲ್ಲಿ ಒಂದು ಎತ್ತರದ ಗೋಪುರಕ್ಕೆ ಟಿಕೆಟ್ ತೆಗೆದೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಮೇಲೆ ಹೋದರೆ ಸುತ್ತ ಬರೀ ಬಿಳಿ. ಯಾವ ದಿಕ್ಕಿಗೆ ಏನು ಕಾಣುತ್ತದೆ ಎಂದು ಕಂಬಿಯ ಪಕ್ಕ ಹಾಕಿದ್ದ ಬೋರ್ಡುಗಳನ್ನೇ ಒಂದೊಂದಾಗಿ ಓದಿ ಇಳಿದು ಬಂದೆ. ಆಮೇಲಿಂದ ನನ್ನ ಲೆಕ್ಕ ಬದಲಾಯಿತು. ಮೊದಲ ದಿನ ಮಳೆಯಾದರೆ ದೊಡ್ಡ ದೊಡ್ಡ ಜಾಗಗಳನ್ನು ಪಕ್ಕಕ್ಕಿಟ್ಟು, ಊರಿನ ಪರಿಚಯ ಮಾಡಿಕೊಳ್ಳುತ್ತೇನೆ. ಬಸ್ಸು ಎಲ್ಲಿ ಸಿಗುತ್ತದೆ, ನದಿ ಯಾವ ಕಡೆ, ಉಳಿದುಕೊಂಡ ಬೀದಿಗೆ ವಾಪಸ್ ಬರುವುದು ಹೇಗೆ. ಇವನ್ನು ಹೇಗಿದ್ದರೂ ಒಂದು ದಿನ ಕಲಿಯಲೇಬೇಕು, ಅಲ್ವಾ? ಅದು ಮಳೆಯ ದಿನವೇ ಆಗಲಿ.

1. ಮೊದಲು ಮಳೆ ಎಂಥದ್ದು ನೋಡಿ

ಹೊರಡುವ ಮೊದಲು ಹತ್ತು ನಿಮಿಷ ಕಿಟಕಿ ಪಕ್ಕ ನಿಂತು ಮಳೆ ನೋಡಿ. ಸುಮ್ನೆ ಹೇಳುತ್ತಿಲ್ಲ. ಮಳೆಗೆ ಕನ್ನಡದಲ್ಲಿರುವ ಹೆಸರುಗಳು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ.

ಬೂದು ಮೋಡದಿಂದ ಸಣ್ಣಗೆ, ಸದ್ದಿಲ್ಲದೆ, ಒಂದೇ ಸಮನೆ ಇಳಿಯುತ್ತಿದ್ದರೆ ಅದು ಸೋನೆ. ದಿನವಿಡೀ ಇರಬಹುದು, ಆದರೆ ಕೊಡೆ ಹಿಡಿದು ನಡೆಯಬಹುದು. ಅದು ನಿಲ್ಲಲಿ ಎಂದು ಕಾಯುತ್ತ ಕೂತರೆ ದಿನ ಹೋಯಿತು. ಹೊರಟುಬಿಡಿ. ಕಪ್ಪು ಮೋಡ, ದಪ್ಪ ಹನಿ, ಗುಡುಗು, ರಪರಪ ಸದ್ದು ಇದ್ದರೆ ಅದು ಬಿರುಮಳೆ. ಬಿಸಿಲಿಗೆ ನೆಲ ಕಾದು, ತೇವದ ಗಾಳಿ ಮೇಲಕ್ಕೇರಿ ಕಟ್ಟಿದ ಮೋಡದ ಮಳೆ ಇದು. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಸುರಿದು ಖಾಲಿಯಾಗುತ್ತದೆ. ಅಲ್ಲಿಯವರೆಗೆ ಒಳಗಿರುವುದೇ ಜಾಣತನ. ಸೆಖೆ ಹೆಚ್ಚಿರುವ ಊರುಗಳಲ್ಲಿ ಇದು ಮಧ್ಯಾಹ್ನದ ಮೇಲೆ ಜಾಸ್ತಿ. ಅಂಥ ಕಡೆ ಬೆಳಗ್ಗೆ ಹೊರಗೆ, ಮಧ್ಯಾಹ್ನ ಒಳಗೆ ಎಂದು ದಿನವನ್ನು ಎರಡಾಗಿ ಮಾಡಿಕೊಳ್ಳಿ. ಮೂರನೆಯದು ಗಾಳಿಯ ಜೊತೆ ಬಿಡದೆ ಹೊಡೆಯುವ ಜಡಿಮಳೆ. ಇದಕ್ಕೆ ಮಾತ್ರ ಎದುರಾಡಬೇಡಿ. ಇಡೀ ದಿನ ಒಂದೆರಡು ಕಟ್ಟಡಗಳಲ್ಲೇ ಕಳೆಯುವ ಯೋಚನೆ ಮಾಡಿ.

ಆಮೇಲೆ ಫೋನ್ ತೆಗೆಯಿರಿ. ಹವಾಮಾನದ ಆ್ಯಪ್‌ನಲ್ಲಿ ಇಡೀ ದಿನಕ್ಕೆ ಒಂದು ಮೋಡದ ಚಿತ್ರ ತೋರಿಸುವ ಪುಟ ಬೇಡ, ಗಂಟೆ ಗಂಟೆಯದ್ದು ನೋಡಿ. ಒಂದು ಗಂಟೆಯ ಎದುರು ಶೇಕಡಾ 60 ಎಂದಿದ್ದರೆ, ಆ ಹೊತ್ತಿಗೆ ಅಲ್ಲಿ ಮಳೆ ಬೀಳುವ ಸಾಧ್ಯತೆ ಅಷ್ಟು ಎಂದರ್ಥ. ಎಷ್ಟು ಜೋರು ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ. ಅದಕ್ಕಿಂತ ನನಗೆ ನಂಬಿಕೆ ರೇಡಾರ್ ನಕ್ಷೆಯ ಮೇಲೆ. ಕಳೆದ ಒಂದು ಗಂಟೆಯಲ್ಲಿ ಮಳೆಯ ಪಟ್ಟಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಅದರಲ್ಲಿ ಕಣ್ಣಾರೆ ಕಾಣುತ್ತದೆ. ಮುಂದಿನ ಒಂದೆರಡು ಗಂಟೆಯ ಅಂದಾಜಿಗೆ ಅಷ್ಟು ಸಾಕು. ಸಂಜೆಯದ್ದನ್ನು ಅದರಿಂದ ಹೇಳಲು ಹೋಗಬೇಡಿ.

2. ಪಟ್ಟಿಯನ್ನು ಎರಡು ಮಾಡಿ

ನೋಡಬೇಕೆಂದು ಬರೆದುಕೊಂಡ ಜಾಗಗಳನ್ನು ಸೂರು ಇರುವುದು, ಇಲ್ಲದ್ದು ಎಂದು ಬೇರೆ ಮಾಡಿ. ಗುಡ್ಡ, ಗೋಪುರ, ತೋಟ, ದೋಣಿ, ಕೇಬಲ್ ಕಾರ್ ಎಲ್ಲ ಮುಂದಿನ ದಿನಗಳಿಗೆ ಹೋಗಲಿ. ದೋಣಿ ಮತ್ತು ಕೇಬಲ್ ಕಾರ್‌ಗಳನ್ನು ಜೋರು ಗಾಳಿ ಅಥವಾ ಸಿಡಿಲು ಇದ್ದಾಗ ನಿಲ್ಲಿಸುವುದೂ ಉಂಟು. ಅಲ್ಲಿವರೆಗೆ ನೆನೆದುಕೊಂಡು ಹೋಗಿ ವಾಪಸ್ ಬರುವ ಕಷ್ಟ ಯಾಕೆ?

ಸಮಯ ಗೊತ್ತುಮಾಡಿ ಮೊದಲೇ ಟಿಕೆಟ್ ತೆಗೆದಿದ್ದರೆ ಅದನ್ನು ತೆರೆದು ಕೆಳಗಿನ ಸಣ್ಣಕ್ಷರ ಓದಿ. ಕೆಲವು ಕಡೆ ದಿನ ಬದಲಿಸಲು ಬಿಡುತ್ತಾರೆ, ಆದರೆ ನಿಮ್ಮ ಹೊತ್ತು ಶುರುವಾಗುವ ಮೊದಲೇ ಕೇಳಬೇಕು. ಇನ್ನೊಂದು ಮಾತು. ಎರಡು ದಿನ, ಮೂರು ದಿನ ಎಂದು ಸಿಗುವ ಪ್ರವಾಸಿ ಪಾಸ್‌ಗಳಲ್ಲಿ ಬಹಳಷ್ಟು ಮೊದಲ ಸಲ ಬಳಸಿದ ಹೊತ್ತಿನಿಂದ ಎಣಿಕೆ ಶುರು ಮಾಡುತ್ತವೆ. ಮಳೆಯ ದಿನ ಒಂದೇ ಒಂದು ಮ್ಯೂಸಿಯಂಗಾಗಿ ಅದನ್ನು ಶುರು ಮಾಡಿದರೆ ನಷ್ಟ ನಿಮ್ಮದೇ. ಈ ದಿನಕ್ಕೆ ಬಿಡಿ ಟಿಕೆಟ್ ತೆಗೆದುಕೊಂಡು, ಪಾಸನ್ನು ಬಿಸಿಲಿನ ದಿನಕ್ಕೆ ಇಟ್ಟುಕೊಳ್ಳಿ.

ಸೂರು ಇರುವ ಪಟ್ಟಿಯಲ್ಲಿ ನಾಲ್ಕು ಜಾಗ ಇದ್ದರೆ ಅದರಲ್ಲಿ ಒಂದನ್ನೋ ಎರಡನ್ನೋ ಆರಿಸಿ, ಅಕ್ಕಪಕ್ಕದಲ್ಲಿ ಇರುವಂಥವನ್ನು. ಮಳೆಯಲ್ಲಿ ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. ಕೊಡೆ ಮಡಚುವುದು, ಕೋಟು ಬಿಚ್ಚುವುದು, ಟ್ಯಾಕ್ಸಿಗೆ ಕಾಯುವುದು, ಎಲ್ಲದಕ್ಕೂ.

3. ಕಾಲು ಒಣಗಿದ್ದರೆ ಅರ್ಧ ದಿನ ಉಳಿಯಿತು

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮಳೆಯ ದಿನ ಕೆಡುವುದು ಹೆಚ್ಚಾಗಿ ಪಾದದಿಂದಲೇ. ತಲೆ ನೆನೆದರೆ ಒರೆಸಿಕೊಳ್ಳಬಹುದು. ಸಾಕ್ಸ್ ಒದ್ದೆಯಾದರೆ ಪ್ರತಿ ಹೆಜ್ಜೆಗೂ ಪಚಕ್ ಪಚಕ್ ಎನ್ನುತ್ತ, ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಆಮೇಲೆ ಎಂಥ ಅರಮನೆ ತೋರಿಸಿದರೂ ಕಣ್ಣು ಕೂರಲು ಬೆಂಚು ಹುಡುಕುತ್ತದೆ.

ಬಿಸಿ ಊರಾದರೆ ಹಿಂದೆ ಪಟ್ಟಿ ಇರುವ, ಅಡಿ ಜಾರದ ಸ್ಯಾಂಡಲ್ ಹಾಕಿಕೊಳ್ಳಿ. ನೆನೆಯುತ್ತದೆ, ಹತ್ತು ನಿಮಿಷದಲ್ಲಿ ಒಣಗುತ್ತದೆ, ತಲೆಬಿಸಿ ಇಲ್ಲ. ಚಳಿ ಊರಾದರೆ ಶೂ ಬೇಕೇ ಬೇಕು. ಜಾಲರಿ ಬಟ್ಟೆಯ ಓಟದ ಶೂಗಿಂತ ಚರ್ಮದ ಶೂ ನೀರನ್ನು ಹೆಚ್ಚು ಹೊತ್ತು ತಡೆಯುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಒಂದು ಜೊತೆ ಒಣ ಸಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿ. ಮಧ್ಯಾಹ್ನ ಎಲ್ಲೋ ಕೂತು ಒದ್ದೆ ಸಾಕ್ಸ್ ಬಿಚ್ಚಿ, ಕಾಲು ಒರೆಸಿ, ಒಣ ಸಾಕ್ಸ್ ಏರಿಸಿಕೊಳ್ಳುವ ಆ ಎರಡು ನಿಮಿಷದ ಸುಖ ಇದೆಯಲ್ಲ, ಅದಕ್ಕೆ ಯಾವ ಹೋಟೆಲಿನ ಮೆತ್ತನೆ ಹಾಸಿಗೆಯೂ ಸಮ ಅಲ್ಲ. ಶೂ ಒದ್ದೆಯಾಗಿದ್ದರೆ ಒಣ ಸಾಕ್ಸಿನ ಮೇಲೆ ಅದೇ ಪ್ಲಾಸ್ಟಿಕ್ ಚೀಲ ಹಾಕಿ ಶೂ ತೊಡಬಹುದು. ನೋಡಲು ಚೆಂದ ಇರುವುದಿಲ್ಲ, ಯಾರು ನೋಡುತ್ತಾರೆ ಬಿಡಿ.

ಜೀನ್ಸ್ ಬೇಡ. ದಪ್ಪ ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ರಾತ್ರಿಯಾದರೂ ಒಣಗುವುದಿಲ್ಲ. ತೆಳು ಪಾಲಿಯೆಸ್ಟರ್ ಪ್ಯಾಂಟ್ ಒಳ್ಳೆಯದು. ಗಾಳಿ ಇಲ್ಲದಿದ್ದರೆ ಕೊಡೆ, ಗಾಳಿ ಇದ್ದರೆ ರೇನ್‌ಕೋಟು. ಗಾಳಿಯಲ್ಲಿ ಕೊಡೆ ಉಲ್ಟಾ ಆಗುವುದೊಂದೇ ಅಲ್ಲ, ಕಿಕ್ಕಿರಿದ ಬೀದಿಯಲ್ಲಿ ಅದರ ಕಡ್ಡಿ ಎದುರಿನವರ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಪಾಸ್‌ಪೋರ್ಟ್, ನೋಟು, ಫೋನ್ ಇವಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಕವರ್ ಸಾಕು. ಹನಿ ಬಿದ್ದ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಬೆರಳಿನಂತೆಯೇ ನೀರೂ ಪರದೆಯ ಮೇಲಿನ ವಿದ್ಯುತ್ತನ್ನು ಕದಲಿಸುತ್ತದೆ, ಫೋನಿಗೆ ಯಾವುದು ಬೆರಳು, ಯಾವುದು ಹನಿ ಎಂದು ತಿಳಿಯುವುದಿಲ್ಲ. ಹಾಗಾಗಿ ದಾರಿಯ ನಕ್ಷೆಯನ್ನು ರೂಮಿನಲ್ಲೇ ಇಳಿಸಿಕೊಂಡು, ಉಳಿದುಕೊಂಡ ಜಾಗದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನ್ ಪೂರ್ತಿ ನೆನೆದರೆ ಒರೆಸಿ, ಚಾರ್ಜಿಂಗ್ ತೂತು ಕೆಳಗೆ ಮಾಡಿ ಗಾಳಿಗೆ ಇಡಿ. ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಐಫೋನ್ ಮಾಡುವ ಆ್ಯಪಲ್ ಕಂಪನಿಯೇ ಬೇಡ ಎನ್ನುತ್ತದೆ, ಅಕ್ಕಿಯ ಚೂರು ಒಳಗೆ ಸೇರಿ ಹಾಳಾಗಬಹುದು ಎಂದು.

4. ಬಸ್ಸಿನ ಕಿಟಕಿ ಸೀಟು ಹಿಡಿಯಿರಿ

ದಿನದ ಮೊದಲ ಕೆಲಸ ಇದು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಮಾಮೂಲಿ ಬಸ್ಸೋ ಟ್ರಾಮೋ ಹತ್ತಿ, ಕೊನೆಯವರೆಗೂ ಹೋಗಿ, ಅದರಲ್ಲೇ ವಾಪಸ್ ಬನ್ನಿ. ನೆಲದಡಿಯ ಮೆಟ್ರೋ ಬೇಡ, ಅದರಲ್ಲಿ ಏನೂ ಕಾಣುವುದಿಲ್ಲ. ಪ್ರವಾಸಿಗರಿಗೆಂದೇ ಇರುವ ಬಸ್ಸಾದರೂ ಸರಿಯೇ, ಆದರೆ ಸೂರಿಲ್ಲದ ಮೇಲಂತಸ್ತಿಗೆ ಇವತ್ತು ಯಾರೂ ಹೋಗುವುದಿಲ್ಲ, ಎಲ್ಲರೂ ಕೆಳಗೆ ಒತ್ತಿಕೊಂಡು ಕೂತಿರುತ್ತಾರೆ. ಮಾಮೂಲಿ ಬಸ್ಸೇ ವಾಸಿ.

ಮಳೆಯಲ್ಲಿ ಬಸ್ಸಿನ ಗಾಜು ಒಳಗಿನಿಂದ ಮಂಜು ಹಿಡಿಯುತ್ತದೆ. ಕರವಸ್ತ್ರದಿಂದ ಅಂಗೈ ಅಗಲದಷ್ಟು ಒರೆಸಿ ಅದರಲ್ಲೇ ನೋಡಿ. ಒಂದು ಕಡೆ ದೊಡ್ಡ ಕಟ್ಟಡಗಳು ಮುಗಿದು ಜನ ಇರುವ ಬೀದಿಗಳು ಶುರುವಾಗುತ್ತವೆ. ಶಾಲೆ ಬಿಟ್ಟ ಮಕ್ಕಳು ಬ್ಯಾಗನ್ನು ತಲೆ ಮೇಲೆ ಹಿಡಿದು ಓಡುತ್ತವೆ. ಅಂಗಡಿಯವರು ಹೊರಗಿಟ್ಟ ಸಾಮಾನಿನ ಮೇಲೆ ಪ್ಲಾಸ್ಟಿಕ್ ಎಳೆಯುತ್ತಾರೆ. ಊರಿನವರು ತಮ್ಮ ಮಳೆಗೆ ಏನು ಮಾಡುತ್ತಾರೆ, ಯಾವ ಸಂದಿಯಿಂದ ನುಗ್ಗುತ್ತಾರೆ ಎಂದು ಗಮನಿಸಿ. ಆ ಒಳದಾರಿಗಳು ನಾಳೆ ನಿಮಗೂ ಬೇಕಾಗುತ್ತವೆ. ಮನಸ್ಸಿಗೆ ಹಿಡಿಸಿದ ಜಾಗ ಕಂಡರೆ ನಿಲ್ದಾಣದ ಹೆಸರು ಬರೆದುಕೊಳ್ಳಿ.

5. ಮ್ಯೂಸಿಯಂ: ಎಲ್ಲರಿಗೂ ಹೊಳೆಯುವ ಉಪಾಯ

ಮಳೆ ಬಂದರೆ ಮ್ಯೂಸಿಯಂ ಎಂದು ನಿಮಗೆ ಹೊಳೆದಂತೆ ಊರಲ್ಲಿರುವ ಎಲ್ಲ ಪ್ರವಾಸಿಗರಿಗೂ ಹೊಳೆದಿರುತ್ತದೆ. ಹನ್ನೊಂದು ಗಂಟೆಗೆ ಹೋದರೆ ಸಾಲು ಹೊರಗೆ ಮಳೆಯಲ್ಲೇ ನಿಂತಿರುತ್ತದೆ. ಒಂದೋ ಬಾಗಿಲು ತೆರೆಯುವ ಹೊತ್ತಿಗೆ ಇರಿ, ಇಲ್ಲವೇ ಮುಚ್ಚಲು ಎರಡು ಗಂಟೆ ಇರುವಾಗ ಹೋಗಿ. ಅದಕ್ಕಿಂತ ತಡವಾದರೆ ಕಷ್ಟ, ಮುಚ್ಚುವ ಹೊತ್ತಿಗಿಂತ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುವ ಜಾಗಗಳು ಬೇಕಾದಷ್ಟಿವೆ.

ವಾರದ ರಜೆ ನೋಡಿಕೊಳ್ಳುವುದನ್ನು ಮರೆಯಬೇಡಿ. ಸೋಮವಾರ ಮುಚ್ಚುವ ಮ್ಯೂಸಿಯಂಗಳು ಜಗತ್ತಿನಾದ್ಯಂತ ಇವೆ, ಆದರೆ ಅದೇ ನಿಯಮ ಎಂದುಕೊಳ್ಳುವ ಹಾಗಿಲ್ಲ. ಪ್ಯಾರಿಸ್ ಒಂದರಲ್ಲೇ ಲೂವ್ರ್ ಮಂಗಳವಾರ ಮುಚ್ಚುತ್ತದೆ, ಓರ್ಸೇ ಸೋಮವಾರ.

ಹೆಸರುವಾಸಿ ಮ್ಯೂಸಿಯಂ ತುಂಬಿದ್ದರೆ ನಾನು ಸಣ್ಣದಕ್ಕೆ ಹೋಗುತ್ತೇನೆ. ಅಂಚೆಯದ್ದು, ರೈಲಿನದ್ದು, ಗೊಂಬೆಯದ್ದು, ಯಾರೋ ಒಬ್ಬರ ಮನೆಯನ್ನೇ ಮ್ಯೂಸಿಯಂ ಮಾಡಿದ್ದು. ಅಲ್ಲಿ ಕಾವಲಿಗೆ ಕೂತವರಿಗೂ ಮಾತಾಡಲು ಬಿಡುವಿರುತ್ತದೆ. ಊರಿನ ಚರಿತ್ರೆಯ ಮ್ಯೂಸಿಯಂ ಇದ್ದರಂತೂ ಮೊದಲ ದಿನಕ್ಕೆ ಅದೇ ಸರಿ. ಹಳೆಯ ನಕ್ಷೆ, ಊರಿನ ಮಾದರಿ, ಕೋಟೆ ಎಲ್ಲಿತ್ತು, ನದಿ ಎಲ್ಲಿ ತಿರುಗಿತು ಎಂಬುದನ್ನೆಲ್ಲ ನೋಡಿಕೊಂಡರೆ, ನಾಳೆ ಅದೇ ಬೀದಿಯಲ್ಲಿ ನಡೆಯುವಾಗ ಕಲ್ಲುಗಳು ಮಾತಾಡಿಸುತ್ತವೆ.

ಒಳಗೆ ಹೋದ ತಕ್ಷಣ ಒದ್ದೆ ಕೋಟು, ಕೊಡೆ, ದೊಡ್ಡ ಬ್ಯಾಗು ಎಲ್ಲವನ್ನೂ ಸಾಮಾನು ಇಡುವ ಕೌಂಟರಿಗೆ ಕೊಟ್ಟುಬಿಡಿ. ಎಲ್ಲವನ್ನೂ ನೋಡಿ ಮುಗಿಸುತ್ತೇನೆ ಎಂದು ಹೊರಡಬೇಡಿ. ಮ್ಯೂಸಿಯಂನಲ್ಲಿ ಬರುವ ಸುಸ್ತು ಬೇರೆಯೇ ಥರ, ಅದು ನಿಮ್ಮೊಬ್ಬರ ಸೋಮಾರಿತನವಲ್ಲ. ಬಾಸ್ಟನ್‌ನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಷ್ಟು ಹಿಂದೆಯೇ ಇದರ ಬಗ್ಗೆ ಲೇಖನ ಬರೆದಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ವಸ್ತು ನೋಡಲು ಜನ ಎಷ್ಟು ಬಗ್ಗಬೇಕು, ಎಷ್ಟು ಕುತ್ತಿಗೆ ತಿರುಚಬೇಕು ಎಂದು ಫೋಟೋ ಹಿಡಿಸಿಯೇ ತೋರಿಸಿದ್ದರು. ಒಂದು ಗಂಟೆ ನೋಡಿ, ಕಾಲು ಗಂಟೆ ಕೂತು, ಮತ್ತೆ ಎದ್ದರೆ ಸರಿ. ಮಕ್ಕಳಿದ್ದರೆ ಅರ್ಧ ಗಂಟೆಯೇ ಜಾಸ್ತಿ. ಅವರಿಗೆ ಮೀನಿನ ಅಕ್ವೇರಿಯಂ, ವಿಜ್ಞಾನದ ಆಟಗಳಿರುವ ಜಾಗ ವಾಸಿ.

6. ಸೂರಿನಡಿಯೇ ನಡೆಯುವ ದಾರಿ

ಎಷ್ಟೋ ಊರುಗಳು ತಮ್ಮ ಮಳೆ, ಚಳಿ, ಬಿಸಿಲಿಗೆ ಮೊದಲೇ ಉಪಾಯ ಮಾಡಿಕೊಂಡಿವೆ. ಇಟಲಿಯ ಬೊಲೊನ್ಯಾದಲ್ಲಿ ಮನೆಗಳ ಮೇಲಂತಸ್ತು ಕಂಬಗಳ ಮೇಲೆ ರಸ್ತೆಯ ಕಡೆಗೆ ಚಾಚಿಕೊಂಡಿದೆ, ಅದರಡಿ ಕಾಲುದಾರಿ. ಎಲ್ಲ ಸೇರಿದರೆ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಳೆ ಮನೆಗಳ ಜಗಲಿಯನ್ನು ಬೀದಿಯುದ್ದಕ್ಕೂ ಎಳೆದಂತೆ ಎಂದುಕೊಳ್ಳಿ. ಮಿಲಾನಿನಲ್ಲಿ 1877ರಲ್ಲಿ ಪೂರ್ತಿಯಾದ ಗಾಜಿನ ಛಾವಣಿಯ ಗ್ಯಾಲರಿ ಇದೆ. ಪ್ಯಾರಿಸ್ಸಿನಲ್ಲಿ 19ನೇ ಶತಮಾನದ ಸೂರುಳ್ಳ ಅಂಗಡಿ ಓಣಿಗಳಿವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲದಡಿಯೇ ಕಿಲೋಮೀಟರ್‌ಗಟ್ಟಲೆ ನಡೆಯಬಹುದು. ಇಸ್ತಾಂಬುಲ್‌ನ ದೊಡ್ಡ ಬಜಾರ್ ಪೂರ್ತಿ ಕಮಾನು ಛಾವಣಿಯ ಕೆಳಗೇ ಇದೆ.

ನೀವು ಹೋದ ಊರಿನಲ್ಲಿ ಇಂಥದ್ದು ಏನಿದೆ ಎಂದು ರಿಸೆಪ್ಷನ್‌ನಲ್ಲಿ ಕೇಳಿ. ಕೇಳುವ ರೀತಿ ಮುಖ್ಯ. “ಮಳೆಯಲ್ಲಿ ಏನು ನೋಡಬಹುದು?” ಎಂದರೆ ಕೈಗೊಂದು ಕರಪತ್ರ ಬರುತ್ತದೆ. “ಮಳೆ ಬಂದರೆ ನೀವು ಎಲ್ಲಿಗೆ ಹೋಗುತ್ತೀರಿ?” ಎಂದು ಕೇಳಿ ನೋಡಿ. ಸ್ವಲ್ಪ ಯೋಚಿಸಿ, ಆಮೇಲೆ ನಿಜವಾದ ಉತ್ತರ ಕೊಡುತ್ತಾರೆ. ಹಳೆ ಮಾರುಕಟ್ಟೆಯೋ ದೊಡ್ಡ ಲೈಬ್ರರಿಯೋ ರೈಲ್ವೆ ಸ್ಟೇಷನ್ನಿನ ಹಳೆ ಹಾಲೋ ಇರಬಹುದು.

ಇನ್ನು ಕೆಲವು ಜಾಗಗಳಿಗೆ ಮಳೆಯ ದಿನವೇ ಹೋಗಬೇಕು. ರೋಮಿನ ಪ್ಯಾಂಥಿಯನ್ ಗುಮ್ಮಟದ ನೆತ್ತಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ತೂತಿದೆ, ಅದಕ್ಕೆ ಮುಚ್ಚಳವಿಲ್ಲ. ಮಳೆ ನೇರವಾಗಿ ಒಳಗೆ ಬೀಳುತ್ತದೆ. ನೆಲ ನಡುವೆ ತುಸು ಉಬ್ಬಿದೆ, ಅಲ್ಲಲ್ಲಿ ಸಣ್ಣ ತೂತುಗಳಿವೆ, ನೀರು ಅವುಗಳಲ್ಲಿ ಇಳಿದು ಹೋಗುತ್ತದೆ. ಬಿಸಿಲಿನ ದಿನ ಹೋದವರು ಅಲ್ಲಿ ಬೆಳಕಿನ ಕಂಬ ನೋಡುತ್ತಾರೆ, ನಿಮಗೆ ಮಳೆಯ ಕಂಬ.

7. ಇಲ್ಲಿ ಹುಷಾರು

ನಯವಾದ ಕಲ್ಲಿನ ಮೆಟ್ಟಿಲು, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಟ್ರಾಮ್ ಹಳಿ, ರಸ್ತೆಯ ಬಿಳಿ ಪಟ್ಟಿ, ಒದ್ದೆ ಎಲೆ. ಹೊಸ ಊರಿನಲ್ಲಿ ಜಾರುವುದು ಇವುಗಳ ಮೇಲೆ. ತಲೆ ಎತ್ತಿ ಗೋಪುರ ನೋಡುವಾಗ ನಿಂತು ನೋಡಿ, ನಡೆಯುತ್ತ ಬೇಡ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ಬಯಲು, ಮರದಡಿ, ಸೇತುವೆ ಬಿಟ್ಟು ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ. ನೀರು ಹರಿಯುತ್ತಿರುವ ರಸ್ತೆ ದಾಟಬೇಡಿ. ಜೋರಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಹೊಸ ಊರಿನಲ್ಲಿ ಆ ಕೆಂಪು ನೀರಿನಡಿ ಚರಂಡಿ ಎಲ್ಲಿದೆ ಎಂದು ನಿಮಗೆ ಗೊತ್ತಿಲ್ಲ. ಅಂಡರ್‌ಪಾಸ್ ಕಡೆ ತಿರುಗಿಯೂ ನೋಡಬೇಡಿ.

8. ನಿಂತ ಕೂಡಲೇ ಹೊರಗೆ ಓಡಿ

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಆ ಹೊತ್ತು. ಗುಡುಗಿದ್ದರೆ ಆ ಅರ್ಧ ಗಂಟೆ ಮುಗಿಯಲಿ, ಇಲ್ಲದಿದ್ದರೆ ಎಲ್ಲಿದ್ದರೂ, ಏನು ನೋಡುತ್ತಿದ್ದರೂ ಬಿಟ್ಟು ಹೊರಗೆ ಬನ್ನಿ. ಧೂಳು ತೊಳೆದು ದೂರದ ಬೆಟ್ಟವೂ ಹತ್ತಿರ ಕಾಣುತ್ತದೆ. ಬೀದಿಯಲ್ಲಿ ಜನ ಇನ್ನೂ ಹೊರಬಂದಿರುವುದಿಲ್ಲ. ಬಿಸಿಲಿನ ದಿನ ಸಾವಿರ ತಲೆಗಳ ನಡುವೆ ನೋಡಬೇಕಾದ ಚೌಕದಲ್ಲಿ ಈಗ ನೀವು, ನಾಲ್ಕು ಪಾರಿವಾಳ.

ಫೋಟೋ ಹುಚ್ಚು ಇದ್ದರೆ ಕತ್ತಲಾಗುವ ಹೊತ್ತು ಕಾಯಿರಿ. ಆಕಾಶ ಇನ್ನೂ ಕಡುನೀಲಿ ಇರುವಾಗ ಬೀದಿ ದೀಪ ಹತ್ತಿಕೊಳ್ಳುತ್ತವೆ, ಒದ್ದೆ ಕಲ್ಲಿನ ಮೇಲೆ ಅವೇ ಉದ್ದುದ್ದ ಇಳಿಯುತ್ತವೆ. ಕುಕ್ಕರಗಾಲಲ್ಲಿ ಕೂತು ಫೋನನ್ನು ತಲೆಕೆಳಗೆ ಮಾಡಿ, ಲೆನ್ಸನ್ನು ನಿಂತ ನೀರಿಗೆ ಎರಡು ಬೆರಳು ಮೇಲೆ ಹಿಡಿಯಿರಿ. ಅಂಗೈಯಷ್ಟು ನೀರಿದ್ದರೂ ಇಡೀ ಕಟ್ಟಡ ಅದರಲ್ಲಿ ಬರುತ್ತದೆ. ಎಸಿ ರೂಮಿನಿಂದ ಸೆಖೆಗೆ ಬಂದಿದ್ದರೆ ಕ್ಯಾಮೆರಾ ಲೆನ್ಸ್ ಮಂಜಾಗುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಕಾಲು ಗಂಟೆ ಬ್ಯಾಗಿನಲ್ಲೇ ಬಿಟ್ಟರೆ ತಾನೇ ಸರಿಹೋಗುತ್ತದೆ.

9. ರಾತ್ರಿ, ರೂಮಿನಲ್ಲಿ

ಮಲಗುವ ಮೊದಲು ಶೂ ಒಣಗಿಸಬೇಕು. ಒಂದೇ ಜೊತೆ ತಂದವರು ಇದನ್ನು ಮರೆತರೆ ನಾಳೆಯೂ ಕೆಟ್ಟಂತೆಯೇ. ಒಳಗಿನ ಮೆತ್ತೆ ಹೊರಗೆ ತೆಗೆಯಿರಿ, ಲೇಸ್ ಸಡಿಲ ಮಾಡಿ ನಾಲಿಗೆಯನ್ನು ಮುಂದಕ್ಕೆ ಎಳೆಯಿರಿ. ಹಳೆ ಪೇಪರ್ ಮುದುಡಿ ಬೆರಳಿನ ತುದಿಯವರೆಗೂ ತುಂಬಿ. ಒಂದು ಗಂಟೆಗೆ ಆ ಪೇಪರ್ ಒದ್ದೆಯಾಗಿರುತ್ತದೆ, ತೆಗೆದು ಬೇರೆ ತುಂಬಿ. ಮಲಗುವಾಗ ಇನ್ನೊಂದು ಸಲ. ಹೀಟರ್ ಮೇಲೆ ಮಾತ್ರ ಇಡಬೇಡಿ. ನಾನು ಇಟ್ಟು ನೋಡಿದ್ದೇನೆ. ಬೆಳಗ್ಗೆ ಚರ್ಮ ಹಪ್ಪಳದಂತೆ ಗಟ್ಟಿಯಾಗಿತ್ತು, ಅಂಟು ಬಿಟ್ಟು ಎಡಗಾಲಿನ ಅಡಿ ಬಾಯಿ ತೆರೆದಿತ್ತು. ಉಳಿದ ನಾಲ್ಕು ದಿನ ಅದಕ್ಕೆ ದಾರ ಸುತ್ತಿಕೊಂಡು ಓಡಾಡಿದೆ.

ಬಟ್ಟೆಗೆ ಒಂದು ಸುಲಭ ದಾರಿ ಇದೆ. ಒಣ ಟವೆಲನ್ನು ಹಾಸಿಗೆ ಮೇಲೆ ಹರಡಿ, ಹಿಂಡಿದ ಅಂಗಿಯನ್ನು ಅದರ ಮೇಲೆ ಚಪ್ಪಟೆ ಮಲಗಿಸಿ, ಎರಡನ್ನೂ ಚಾಪೆಯಂತೆ ಸುತ್ತಿ. ಸುತ್ತಿದ್ದನ್ನು ನೆಲಕ್ಕಿಟ್ಟು ಮಂಡಿಯೂರಿ ಒತ್ತಿ. ನೀರೆಲ್ಲ ಟವೆಲಿಗೆ ಹೋಗುತ್ತದೆ. ಆಮೇಲೆ ಹ್ಯಾಂಗರಿಗೆ ಹಾಕಿ ಫ್ಯಾನಿನ ಎದುರು ನೇತುಹಾಕಿದರೆ ತೆಳು ಬಟ್ಟೆ ಬೆಳಗಿನ ಹೊತ್ತಿಗೆ ಒಣಗಿರುತ್ತದೆ. ಕೊಡೆಯನ್ನು ಸ್ನಾನದ ಕೋಣೆಯಲ್ಲಿ ಬಿಚ್ಚಿಡಿ, ಮಡಚಿಟ್ಟರೆ ವಾಸನೆ ಹಿಡಿಯುತ್ತದೆ.

ನಾಳೆಯ ಗಂಟೆ ಗಂಟೆಯ ಮುನ್ಸೂಚನೆಯನ್ನು ಇನ್ನೊಮ್ಮೆ ನೋಡಿ. ಬೆಳಗ್ಗೆ ಬಿಸಿಲಿದೆ ಎಂದಿದ್ದರೆ, ಇವತ್ತು ಬಿಟ್ಟ ಆ ಗೋಪುರಕ್ಕೆ ಮೊದಲ ಹೊತ್ತಿನ ಟಿಕೆಟ್ ಈಗಲೇ ತೆಗೆದುಬಿಡಿ. ಮಳೆಗೆ ಒಳಗೇ ಕೂತಿದ್ದವರೆಲ್ಲ ನಾಳೆ ಅಲ್ಲಿಗೇ ಬರುತ್ತಾರೆ.